ಗುಂಗಾಡ

ಗದಗಿನ ಸ್ಟೇಷನ್ ರಸ್ತೆಗೆ ಬೆನ್ನು ಮಾಡಿದ ಓಣಿಯಲ್ಲಿ
ನಮ್ಮ ಛಾಪಖಾನೆ,
ಪಕ್ಕಕ್ಕೆ ದಾವಲಸಾಬರ ಪೇಟಿ ರಿಪೇರಿ ಅಂಗಡಿ.
ನಡುವೆ ಒಂದೇ ಇಟ್ಟಿಗೆಯ ಗೋಡೆ.
ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ,
ಇದು ಬರೀ ಕಿವಿಯೇ.

ನಾನು ಕರಡು ತಿದ್ದುವವಳು.
ಬೇಕೆಂದವರಿಗೆ ನಾಲ್ಕು ಸಾಲು ಹೊಸೆದು ಕೊಡುವವಳೂ ಹೌದು:
ಮದುವೆಗೆ ಇಪ್ಪತ್ತು ರೂಪಾಯಿ, ತೊಟ್ಟಿಲಿಗೆ ಹದಿನೈದು,
ಪುಣ್ಯಸ್ಮರಣೆಗೆ ಬಾಯಿ ಬಿಟ್ಟು ಕೇಳುವುದಿಲ್ಲ.
‘ಮರೆಯಲಾಗದ ಮಾಣಿಕ್ಯವೇ’ ಎಂದು ಶುರು ಹಚ್ಚಿದರೆ
ಉಳಿದ ಮೂರು ಸಾಲು
ವರ್ತನೆಯ ಹಾಲಿನಂತೆ ತಾವೇ ಬಾಗಿಲಿಗೆ ಬರುತ್ತವೆ.
ಹೋದ ವರ್ಷ ಅದೇ ಒಂದು ಮಾಣಿಕ್ಯವನ್ನು
ಹನ್ನೊಂದು ಮನೆಗೆ ಮಾರಿದ್ದೇನೆ.

ಬೆಟಗೇರಿಯಿಂದ ಸಂಕವ್ವ ಬಂದಳು,
ಸೆರಗಿನಲ್ಲಿ ಗಂಡನ ಫೋಟೋ.
‘ಎಲ್ಲಾರಿಗೂ ಏನ್ ಬರೀತೀರಿ ಅದನ್ನ ಬರೀರಿ.’
ರೊಕ್ಕ ಎಣಿಸುತ್ತಾ,
ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾ ಅಂದಳು:
‘ಮಗ್ಗದ ಮುಂದ ಕುಂತು ಹಾಡ್ತಿದ್ದ ನೋಡ್ರಿ.
ಲಾಳಿ ಮುಂದ ಹೋಗೂದು, ಇವನ ಹಾಡು ಒಂದು ಹೆಜ್ಜಿ ಹಿಂದ.
ಮೂವತ್ತು ವರ್ಷ. ಒಂದು ದಿನಾನೂ ಕೂಡಲಿಲ್ಲ.
ನಮ್ಮತ್ತಿ ನಗ್ತಿದ್ಲು.’

ಆಮೇಲೆ ಮಾಣಿಕ್ಯ ಕೈಗೆ ಹತ್ತಲಿಲ್ಲ.
ಒಂದು ದಿನ, ಎರಡು ದಿನ.
ಹಾಳೆಯ ಮೇಲೆ ಲಾಳಿ ಬರೆದೆ, ಹೊಡೆದೆ,
ನೂಲು ಬರೆದೆ, ಅದಕ್ಕೆ ಬಾಳು ಪ್ರಾಸ ಕೂತಿತು, ಅದನ್ನೂ ಹೊಡೆದೆ.
ಮೂರನೆಯ ದಿನ ಗೋಡೆಯಾಚೆ ಒಂದೇ ಸ್ವರ,
ಮುಂಜಾನೆಯಿಂದ ಮಧ್ಯಾಹ್ನದ ತನಕ
ಒಂದೇ, ಒಂದೇ, ಒಂದೇ.
ಜಗಳಕ್ಕೆಂದೇ ಎದ್ದು ಹೋದೆ.

ಪೇಟಿಯ ಹೊಟ್ಟೆ ಬಿಚ್ಚಿ ಕೂತಿದ್ದರು.
ಕೈಯಲ್ಲಿ ಹಿತ್ತಾಳೆಯ ನಾಲಿಗೆ, ಉಗುರಿನಷ್ಟಗಲ.
‘ಬರ್ರಿ ಅನಸಕ್ಕಾರ. ತುದಿ ಕೆರದ್ರ ಸ್ವರ ಏರತೈತಿ,
ಬುಡ ಕೆರದ್ರ ಇಳೀತೈತಿ.
ಕೆರದದ್ದು ಮಾತ್ರ ತಿರುಗಿ ಹಚ್ಚಾಕ ಬರಂಗಿಲ್ಲ.’
ನನ್ನ ಬೆರಳಿನ ಕೆಂಪು ಶಾಯಿಯನ್ನು ನಾನೇ ನೋಡಿಕೊಂಡೆ.

ತಿದಿ ಒತ್ತಿದರು. ಎರಡು ನಾಲಿಗೆ, ಒಂದೇ ಮನೆ.
‘ಎರಡೂ ಷಡ್ಜ ಅಂತಾವು. ನಡುವ ಏನ್ ಕೇಳತೈತಿ?’
ಮೊದಲು ಏನೂ ಇಲ್ಲ.
ಆಮೇಲೆ ಸಣ್ಣಗೆ, ಏರಿಳಿಯುತ್ತಾ,
ದೀಪ ಆರಿಸಿದ ಮೇಲೆ ಕಿವಿಯ ಹತ್ತಿರ ಬರುವಂಥದ್ದು.
‘ಗುಂಗಾಡ,’ ಅಂದೆ.
‘ಹಾಂ! ಅದನ್ನ ಹೊಡಿಯೂದ ನನ್ನ ಉದ್ಯೋಗ.
ಖರೇ ಅಂದ್ರ ಪೂರಾ ಹೊಡಿಯಂಗಿಲ್ಲ.
ಪೂರಾ ಹೊಡದ್ರ ಕಟಗಿ ಉಳೀತೈತಿ, ಪೇಟಿ ಉಳಿಯಂಗಿಲ್ಲ.
ಎಷ್ಟು ಬಿಡಬೇಕು ಅನ್ನೂದಕ್ಕ
ಮುಂಜಾನಿಂದ ಕುಂತೇನಿ.’
ಚಹಾ ತರಿಸಿದರು.
ಜಗಳದ ಮಾತು ನಾನೂ ತೆಗೆಯಲಿಲ್ಲ.

ತಿರುಗಿ ಬಂದು ಕೂತಾಗ
ಒಂದು ಮಿಠಾಯಿ ಅಂಗಡಿಯ ಕರಡು ಕಾಯುತ್ತಿತ್ತು.
ಅದರ ಬೆನ್ನ ಮೇಲೆಯೇ ಬರೆದೆ:

ಮಗ್ಗ ನಿಂತಿದೆ.
ನೀನಿನ್ನೂ ಒಂದು ಹೆಜ್ಜೆ ಹಿಂದೆ
ಹಾಡುತ್ತಾ ಬರುತ್ತಿದ್ದೀ.

ಮೊಳೆ ಜೋಡಿಸುವ ಫಕೀರಗೌಡ ಎರಡು ಸಲ ಎಣಿಸಿದ.
‘ಮೂರ ಅದಾವಲ್ರೀ. ನಾಕನೇದು?’
‘ಅದು ಇನ್ನೂ ಬಂದಿಲ್ಲ.’
‘ಜಾಗಾ ಖಾಲಿ ಬಿಡಲಿ?’
‘ಬಿಡು.’
ಅವನು ಗೊಣಗಿದ. ಖಾಲಿ ಜಾಗಕ್ಕೂ ಸೀಸ ತುಂಬಬೇಕು,
ಅಕ್ಷರದಷ್ಟೇ ತೂಕ, ತುಸು ಗಿಡ್ಡ,
ಶಾಯಿ ತಾಗಬಾರದು ಅಷ್ಟೇ.

ಸಂಕವ್ವನಿಗೆ ಓದು ಬಾರದು. ಮಗ ಓದಿದ.
‘ಇದರಾಗ ಅಪ್ಪನ ಹೆಸರ ಇಲ್ಲ,’ ಅಂತ ಮುಖ ಗಂಟಿಕ್ಕಿದ.
ಆಕೆ ಕಾರ್ಡು ಇಸಿದುಕೊಂಡು
ಮೂರು ಸಾಲಿನ ಮೇಲೆ ಬೆರಳಾಡಿಸಿ
ಕೆಳಗಿನ ಬಿಳಿ ಜಾಗದ ಮೇಲೆ ನಿಲ್ಲಿಸಿದಳು.
ಏನೂ ಅನ್ನಲಿಲ್ಲ. ಬಾಕಿ ಐದು ರೂಪಾಯಿ ಕೊಟ್ಟು ಹೋದಳು.

ಮಾಣಿಕ್ಯ ನನ್ನ ಖಾನೆಯಲ್ಲಿ ಈಗಲೂ ಇದೆ,
ಕೇಳಿದವರಿಗೆ ಕೊಡುತ್ತೇನೆ, ಸಂಸಾರ ನಡೆಯಬೇಕಲ್ಲ.
ಆದರೆ ಗೋಡೆಯಾಚೆ ಅವರು ತಿದಿ ಒತ್ತಿದಾಗ
ಪೆನ್ನು ಎತ್ತಿ ಹಿಡಿಯುತ್ತೇನೆ,
ಹೊಡೆಯುವುದಕ್ಕಲ್ಲ,
ಎಲ್ಲಿ ಕೂರುತ್ತದೋ ನೋಡುವುದಕ್ಕೆ.